ಕಥೋಲಿಕ ಮದುವೆಗೆ ಮೊದಲ ಸಲ ಹೋಗುವವರಿಗೆ

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವ ಗೆಳತಿ ಮಂಗಳೂರಿನ ಕಥೋಲಿಕ ಮನೆಯವಳು. ಮುಂದಿನ ತಿಂಗಳು ಅವಳ ಮದುವೆ. ಹಿಂದಿನ ಸಂಜೆ ಮನೆಯಲ್ಲಿ ‘ರೋಸ್’, ಮರುದಿನ ಚರ್ಚಿನಲ್ಲಿ ‘ಬಲಿಪೂಜೆ’, ಎರಡಕ್ಕೂ ಬಾ ಅಂದಿದ್ದಾಳೆ. ನಾನು ದಾವಣಗೆರೆಯ ಲಿಂಗಾಯತ ಮನೆಯವಳು. ಚರ್ಚಿನೊಳಗೆ ಇದುವರೆಗೆ ಹೋದವಳಲ್ಲ. ಅಲ್ಲಿ ಏನು ನಡೆಯುತ್ತದೆ? ಎಲ್ಲರ ಜೊತೆ ಎದ್ದು ಕೂರಬೇಕಾ? ಅವರು ಕೊಡುವ ಪ್ರಸಾದ ತಗೋಬಹುದಾ? ಹುಬ್ಬಳ್ಳಿಯ ಇನ್ನೊಬ್ಬ ಗೆಳತಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಚರ್ಚಿನವಳು. ‘ನಮ್ಮಲ್ಲಿ ರೋಸ್ ಎಲ್ಲ ಇಲ್ಲ, ತಾಳಿ ಕಟ್ಟುತ್ತಾರೆ’ ಅನ್ನುತ್ತಾಳೆ. ಇಬ್ಬರೂ ಕ್ರೈಸ್ತರೇ, ಮತ್ತೆ ಈ ವ್ಯತ್ಯಾಸ ಯಾಕೆ? ಅವರ ನಂಬಿಕೆ ಏನು, ಹುಟ್ಟಿನಿಂದ ಸಾವಿನ ತನಕ ಏನೇನು ಮಾಡುತ್ತಾರೆ ಅನ್ನೋದನ್ನೂ ತಿಳಿಸಿ.

ಉತ್ತರ: ಪ್ರಸಾದದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಗೊಂದಲ ಆಗೋದು ಅಲ್ಲೇ. ಪೂಜೆಯ ಕೊನೆಗೆ ಜನ ಸಾಲಾಗಿ ಮುಂದೆ ಹೋಗಿ, ಗುರುಗಳ ಕೈಯಿಂದ ತೆಳ್ಳಗಿನ ಬಿಳಿ ಬಿಲ್ಲೆಯೊಂದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದನ್ನು ಪರಮ ಪ್ರಸಾದ ಅನ್ನುತ್ತಾರೆ. ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವಂಥದ್ದಲ್ಲ ಅದು. ಕಥೋಲಿಕರ ನಂಬಿಕೆಯಲ್ಲಿ ಅದು ಕ್ರಿಸ್ತನ ನೆನಪಿಗಾಗಿ ಇಟ್ಟ ರೊಟ್ಟಿ ಮಾತ್ರವಲ್ಲ, ಕ್ರಿಸ್ತನ ಶರೀರವೇ. ದೀಕ್ಷಾಸ್ನಾನ, ಅಂದರೆ ನೀರು ಹೊಯ್ದು ಕ್ರೈಸ್ತರಾಗಿಸುವ ಸಂಸ್ಕಾರ ಪಡೆದು, ಪ್ರಸಾದಕ್ಕಾಗಿ ತಯಾರಿ ಮಾಡಿಕೊಂಡ ಕಥೋಲಿಕರು ಮಾತ್ರ ಸ್ವೀಕರಿಸುತ್ತಾರೆ. ಅವರಲ್ಲೂ ಗಂಭೀರ ಪಾಪದ ಅರಿವಿದ್ದವರು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಬೇಡುವುದು, ಅದನ್ನು ಮಾಡುವ ತನಕ ಮುಂದೆ ಹೋಗುವುದಿಲ್ಲ. ಹಾಗಾಗಿ ನೀವು ಬೆಂಚಿನಲ್ಲೇ ಕೂತಿರಿ. ಯಾರೂ ತಪ್ಪು ತಿಳಿಯುವುದಿಲ್ಲ. ಸಾಲಿಗೆ ಸೇರಿ ತೆಗೆದುಕೊಂಡು, ಏನು ಮಾಡಬೇಕೋ ತಿಳಿಯದೆ ಪರ್ಸಿನಲ್ಲಿ ಇಟ್ಟುಕೊಂಡರೆ ಮಾತ್ರ ಅವರಿಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಉಳಿದದ್ದಕ್ಕೆ ಬರೋಣ. ನೀವು ಎರಡು ದಿನದಲ್ಲಿ ನೋಡಲಿರುವುದು ಎರಡು ಬೇರೆ ಬೇರೆ ವಿಷಯ. ಚರ್ಚಿನೊಳಗೆ ನಡೆಯುವುದು ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಬ್ರೆಜಿಲ್‌ನಲ್ಲೂ ನಡೆಯುತ್ತದೆ, ಪೋಲೆಂಡ್‌ನಲ್ಲೂ ನಡೆಯುತ್ತದೆ. ಮನೆಯಲ್ಲಿ ನಡೆಯುವುದು ಕೊಂಕಣಿ ಕರಾವಳಿಯದ್ದು. ಅದನ್ನು ಬ್ರೆಜಿಲ್, ಪೋಲೆಂಡಿನ ಕ್ರೈಸ್ತರಿಗೆ ತೋರಿಸಿದರೆ ‘ಇದೇನಿದು’ ಅಂತ ನಿಮ್ಮಷ್ಟೇ ಬೆರಗಾಗುತ್ತಾರೆ. ಯಾವುದು ಧರ್ಮ, ಯಾವುದು ಊರಿನ ಪದ್ಧತಿ ಅನ್ನುವುದು ಗೊತ್ತಾದರೆ ನಿಮ್ಮ ಇಬ್ಬರು ಗೆಳತಿಯರ ಮಾತೂ ಅರ್ಥವಾಗುತ್ತದೆ.

ರೋಸ್ ಊರಿನದು. ರೋಸ್ ಅಂದರೆ ತೆಂಗಿನಕಾಯಿ ಹಾಲು. ಮದುವೆಯ ಮುನ್ನಾದಿನ ಸಂಜೆ ಹುಡುಗಿಗೆ ಅವಳ ಮನೆಯಲ್ಲಿ, ಹುಡುಗನಿಗೆ ಅವನ ಮನೆಯಲ್ಲಿ ಈ ಶಾಸ್ತ್ರ ನಡೆಯುತ್ತದೆ. ಅದಕ್ಕೂ ಮೊದಲು ಹುಡುಗಿಗೆ ‘ಚುಡೊ’, ಅಂದರೆ ಗಾಜಿನ ಬಳೆ ತೊಡಿಸುತ್ತಾರೆ. ಆಮೇಲೆ ಅವಳನ್ನು ಕೂರಿಸಿ ಮನೆಯ ಹಿರಿಯರೊಬ್ಬರು ಪ್ರಾರ್ಥನೆ ಹೇಳಿ ಆರಂಭಿಸುತ್ತಾರೆ. ತಂದೆ ತಾಯಿ, ಅಜ್ಜಿ, ಅತ್ತೆ, ಚಿಕ್ಕಮ್ಮ ಒಬ್ಬೊಬ್ಬರಾಗಿ ಬಂದು ಹಣೆಗೆ ಶಿಲುಬೆ ಗುರುತು ಹಾಕಿ, ಕೈಕಾಲಿಗೆ ಕಾಯಿಹಾಲು, ತಲೆಗೆ ಎಣ್ಣೆ ಹಚ್ಚುತ್ತಾರೆ. ಜೊತೆಗೆ ‘ವೊವಿಯೊ’ ಹಾಡುತ್ತಾರೆ. ಹಿರಿಯ ಹೆಂಗಸೊಬ್ಬರು ಎರಡು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹಾಡುತ್ತಾರೆ. ನಿಮ್ಮ ಕಡೆ ಮದುವೆಯಲ್ಲಿ ಅರಿಶಿನ ಹಚ್ಚುವಾಗ ಸೋಬಾನೆ ಹಾಡುತ್ತಾರಲ್ಲ, ನಿಮಗೆ ಅದೇ ನೆನಪಾಗುತ್ತದೆ. ನೆನಪಾಗಬೇಕಾದ್ದೇ, ಬೇರು ಬೇರೆ ಅಲ್ಲ.

ಈ ಹಾಡು, ಈ ಶಾಸ್ತ್ರ ಉಳಿದುಕೊಂಡದ್ದರ ಹಿಂದೆ ಒಂದು ಗಟ್ಟಿತನವಿದೆ. ಮಂಗಳೂರಿನ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಗೋವಾದಿಂದ ದಕ್ಷಿಣಕ್ಕೆ ಬಂದವರು. ಗೋವಾದಲ್ಲಿ 1560ರಿಂದ ಇನ್ಕ್ವಿಸಿಶನ್ ಇತ್ತು. ಅಂದರೆ ಹೊಸದಾಗಿ ಕ್ರೈಸ್ತರಾದವರು ಹಳೆಯ ಪದ್ಧತಿಗೆ ಮರಳದಂತೆ ಕಾಯುವ ಚರ್ಚಿನ ನ್ಯಾಯಾಲಯ. 1736ರಲ್ಲಿ ಅದು ಹೊರಡಿಸಿದ ಒಂದು ಆಜ್ಞೆ ಮದುವೆಮನೆಯ ಇಂಥ ಎಷ್ಟೋ ಪದ್ಧತಿಗಳನ್ನು ಹೆಸರಿಸಿ ನಿಷೇಧಿಸಿತು. ಕ್ರಿಸ್ತನನ್ನು ನಂಬಿದ ಜನ ತಮ್ಮ ಅಜ್ಜಿಯ ಹಾಡನ್ನು ಬಿಡಲು ಒಪ್ಪಲಿಲ್ಲ ಅನ್ನುವುದೇ ಇದರಿಂದ ತಿಳಿಯುವ ಸಂಗತಿ. ಈಗೀಗ ಕೆಲವು ಮನೆಗಳಲ್ಲಿ ರೋಸ್ ಹೆಸರಲ್ಲಿ ಹುಡುಗರು ಮೊಟ್ಟೆ ಒಡೆದು, ಬಿಯರ್ ಸುರಿದು ಗಲಾಟೆ ಮಾಡುವುದುಂಟು. ಚರ್ಚಿನ ಗುರುಗಳೂ ಬೈಯುತ್ತಾರೆ, ನನಗೂ ಇಷ್ಟವಿಲ್ಲ. ಅದೇನೇ ಇರಲಿ, ನೀವು ಮುಂದೆ ಹೋಗಿ ಹಾಲು ಹಚ್ಚಬಹುದು, ಕರೆದೇ ಕರೆಯುತ್ತಾರೆ. ಒಳ್ಳೆಯ ಸೀರೆ ಮಾತ್ರ ಬೇಡ.

ಮರುದಿನ ಚರ್ಚು. ಅಲ್ಲಿ ನಡೆಯುವ ಬಲಿಪೂಜೆ ಎರಡು ಭಾಗದ್ದು. ಮೊದಲ ಭಾಗ ಓದು. ಬೈಬಲಿನಿಂದ ಒಂದೆರಡು ವಾಚನ, ನಡುವೆ ಒಂದು ಕೀರ್ತನೆ, ಆಮೇಲೆ ಶುಭಸಂದೇಶ. ಶುಭಸಂದೇಶ ಅಂದರೆ ಯೇಸುವಿನ ಬದುಕಿನ ಕಥೆಯಿರುವ ಭಾಗ. ಅದನ್ನು ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಓದು ಶುರುವಾಗುವಾಗ ಜನ ಹೆಬ್ಬೆರಳಿನಿಂದ ಹಣೆ, ತುಟಿ, ಎದೆಯ ಮೇಲೆ ಸಣ್ಣ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಈ ಮಾತು ತಲೆಯಲ್ಲಿ, ಬಾಯಲ್ಲಿ, ಹೃದಯದಲ್ಲಿ ಇರಲಿ ಅಂತ. ನೀವು ಎದ್ದು ನಿಂತರೆ ಸಾಕು. ಎರಡನೆಯ ಭಾಗ ರೊಟ್ಟಿ ಮತ್ತು ದ್ರಾಕ್ಷಾರಸದ್ದು. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಕೂತು ಊಟ ಮಾಡಿದ. ರೊಟ್ಟಿ ಮುರಿದು ‘ಇದು ನನ್ನ ಶರೀರ’ ಅಂದ, ‘ನನ್ನ ಸ್ಮರಣೆಗಾಗಿ ಹೀಗೆ ಮಾಡಿರಿ’ ಅಂದ. ಗುರುಗಳು ಅದೇ ಮಾತುಗಳನ್ನು ಹೇಳಿ ರೊಟ್ಟಿಯನ್ನೂ ಪಾತ್ರೆಯನ್ನೂ ಎತ್ತಿ ತೋರಿಸುತ್ತಾರೆ. ಆಗ ಜನ ಮೊಣಕಾಲೂರುತ್ತಾರೆ. ನಿಮಗೆ ಬೇಡವಾದರೆ ಸುಮ್ನೆ ಕೂತಿರಿ. ಫೋಟೊ ತೆಗೆಯುವ ಹೊತ್ತು ಅದಲ್ಲ. ‘ಬಲಿ’ ಅನ್ನುವ ಮಾತು ಕೇಳಿ ಗಾಬರಿ ಬೇಡ, ಶಿಲುಬೆಯಲ್ಲಿ ಕ್ರಿಸ್ತ ತನ್ನನ್ನೇ ಕೊಟ್ಟುಕೊಂಡದ್ದನ್ನು ಅದು ಸೂಚಿಸುತ್ತದೆ.

ಮಧ್ಯದಲ್ಲಿ ಒಮ್ಮೆ ಎಲ್ಲರೂ ಅಕ್ಕಪಕ್ಕದವರಿಗೆ ಶಾಂತಿ ಕೋರುತ್ತಾರೆ. ಪಶ್ಚಿಮದಲ್ಲಿ ಕೈ ಕುಲುಕುವ ಜಾಗದಲ್ಲಿ ಇಲ್ಲಿ ಕೈ ಮುಗಿಯುತ್ತಾರೆ. ನೀವೂ ಮುಗಿಯಿರಿ. ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರ ತನಕ ನಡೆಯಿತು. ಅದಕ್ಕೂ ಮೊದಲು ಪೂಜೆ ಲ್ಯಾಟಿನ್‌ನಲ್ಲಿತ್ತು. ಆಮೇಲೆ ಜನರ ಭಾಷೆ ಬಂತು. 1969ರಲ್ಲಿ ಆರತಿ, ನೆಲದ ಮೇಲೆ ಕೂರುವುದು, ಚಪ್ಪಲಿ ಬಿಡುವುದು ಮುಂತಾದ ಭಾರತೀಯ ರೀತಿಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನಿಮ್ಮ ಗೆಳತಿಯ ಮದುವೆಪೂಜೆ ಕೊಂಕಣಿಯಲ್ಲಿ ಇದ್ದೀತು, ಇಲ್ಲವೇ ಇಂಗ್ಲಿಷಿನಲ್ಲಿ. ಹಾಡು ಪ್ರಾರ್ಥನೆಗಳ ಪುಟ್ಟ ಪುಸ್ತಕ ಬೆಂಚಿನ ಮೇಲೆ ಇರುತ್ತದೆ.

ಹಾಗಾದರೆ ಅವರು ನಂಬುವುದೇನು? ಭಾನುವಾರ ಪೂಜೆಯಲ್ಲಿ ಒಂದು ವಿಶ್ವಾಸ ಸಂಗ್ರಹವನ್ನು ಒಟ್ಟಾಗಿ ಹೇಳುತ್ತಾರೆ. ಕ್ರಿ.ಶ. 325ರಲ್ಲಿ ನಿಸೇಯ ಎಂಬ ಊರಿನಲ್ಲಿ ಸೇರಿದ ಬಿಷಪರು ಅದನ್ನು ರೂಪಿಸಿದರು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದು ತುಂಬಿಕೊಂಡಿತು. ದೇವರು ಒಬ್ಬನೇ. ಆ ಒಬ್ಬನಲ್ಲೇ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು. ಸುತನು ಮನುಷ್ಯನಾಗಿ ಕನ್ಯೆ ಮರಿಯಳಲ್ಲಿ ಹುಟ್ಟಿದ. ಪೊಂತಿಯುಸ್ ಪಿಲಾತ ಎಂಬ ರೋಮನ್ ಅಧಿಕಾರಿಯ ಕಾಲದಲ್ಲಿ ಶಿಲುಬೆಗೇರಿ ಸತ್ತ. ಮೂರನೆಯ ದಿನ ಎದ್ದ. ಮತ್ತೆ ಬರುತ್ತಾನೆ. ನೋಡಿ, ನಂಬಿಕೆಯ ಈ ಮಾತಿನೊಳಗೆ ಒಬ್ಬ ಸರ್ಕಾರಿ ಅಧಿಕಾರಿಯ ಹೆಸರು ಬಂದು ಕೂತಿದೆ. ಅದು ಸುಮ್ನೆ ಬಂದದ್ದಲ್ಲ. ಇದು ಪುರಾಣಕಾಲದ ಮಾತಲ್ಲ, ಇಂಥ ಊರಿನಲ್ಲಿ ಇಂಥವನ ಆಡಳಿತದಲ್ಲಿ ನಡೆದದ್ದು ಅನ್ನುವುದು ಕ್ರೈಸ್ತರ ವಾದ. ನಮ್ಮಲ್ಲಿ ಹಲವರು ‘ಯೇಸು ಒಂದು ಅವತಾರ’ ಅಂತ ಗೌರವದಿಂದಲೇ ಹೇಳುತ್ತಾರೆ. ಕ್ರೈಸ್ತರು ಆ ಗೌರವವನ್ನು ಮೆಚ್ಚಿದರೂ ಮಾತನ್ನು ಒಪ್ಪುವುದಿಲ್ಲ. ಅವರ ಪ್ರಕಾರ ದೇವರು ಮನುಷ್ಯನಾದದ್ದು ಒಂದೇ ಸಲ.

ಮೂರನೆಯ ದಿನ ಎದ್ದ ಅನ್ನುವುದೇ ಎಲ್ಲದರ ತಿರುಳು. ಅವನು ಎದ್ದದ್ದು ಭಾನುವಾರ, ಅದಕ್ಕೇ ಭಾನುವಾರ ಚರ್ಚು. ಜನ ಕ್ರಿಸ್‌ಮಸ್ಸನ್ನು ದೊಡ್ಡ ಹಬ್ಬ ಅಂದುಕೊಳ್ಳುತ್ತಾರೆ, ನಕ್ಷತ್ರ, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ಗೋದಲಿ, ಕುಸ್ವಾರ್ ತಿಂಡಿ ಎಲ್ಲ ಅಲ್ಲೇ ಇರುವುದರಿಂದ. ನಂಬಿಕೆಯ ಲೆಕ್ಕದಲ್ಲಿ ದೊಡ್ಡದು ಈಸ್ಟರ್, ಯೇಸು ಎದ್ದ ದಿನದ ಹಬ್ಬ. ಅದಕ್ಕೆ ಮೊದಲು 40 ದಿನದ ತಪಸ್ಸು ಕಾಲ, ಬೂದಿ ಬುಧವಾರದಿಂದ ಆರಂಭ. ಶುಭ ಶುಕ್ರವಾರ, ಯೇಸು ಸತ್ತ ದಿನ, ಬಲಿಪೂಜೆ ಇರುವುದಿಲ್ಲ. ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಕರಾವಳಿಯಲ್ಲಿ ಇನ್ನೊಂದು ಹಬ್ಬ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸುತ್ತಾರೆ. ಕೊನೆಯ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರೆ. ಅವತ್ತು ಮನೆಮಂದಿ ಕೂತು ಉಣ್ಣುವುದು ಪೂರ್ತಿ ಸಸ್ಯಾಹಾರ. ಇದೂ ರೋಸ್‌ನಂತೆ ಊರಿನ ಮಣ್ಣಿನಿಂದ ಎದ್ದದ್ದೇ.

ಮದುವೆಯ ವಿಧಿ ನಡೆಯುವುದು ಪೂಜೆಯ ನಡುವೆ, ಪ್ರವಚನ ಮುಗಿದ ಮೇಲೆ. ಗುರುಗಳು ಮದುವೆ ‘ಮಾಡಿಸುತ್ತಾರೆ’ ಅಂತ ನಾವು ಅಂದುಕೊಳ್ಳುತ್ತೇವೆ. ಕಥೋಲಿಕ ಬೋಧನೆ ಹಾಗಲ್ಲ. ಮದುವೆಯನ್ನು ಒಬ್ಬರಿಗೊಬ್ಬರು ಕೊಡುವವರು ಹುಡುಗ ಹುಡುಗಿಯೇ. ಗುರುಗಳು ಚರ್ಚಿನ ಪರವಾಗಿ ಸಾಕ್ಷಿ. ಹಾಗಾಗಿ ಮೊದಲು ಬರುವುದು ಪ್ರಶ್ನೆ. ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ? ಬಾಳಿಡೀ ನಿಷ್ಠೆಯಿಂದ ಇರುತ್ತೀರಾ? ದೇವರು ಕೊಡುವ ಮಕ್ಕಳನ್ನು ಸ್ವೀಕರಿಸುತ್ತೀರಾ? ಆಮೇಲೆ ಬಲಗೈ ಹಿಡಿದು ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಜೊತೆಗಿರುವ ಮಾತು ಕೊಡುತ್ತಾರೆ. ಇಡೀ ಮದುವೆ ಆ ಒಂದು ನಿಮಿಷದಲ್ಲಿದೆ. ಉಂಗುರ ಬರುವುದು ಅದಾದ ಮೇಲೆ. ಅದರ ಜೊತೆ ಕರಿಮಣಿಯ ‘ಪಿರ್ದುಕ್’ ಸರ ಹಾಕುವುದೂ ಉಂಟು. ಉಂಗುರ ರೋಮ್‌ನದು, ಕರಿಮಣಿ ನಮ್ಮದು.

ಇಷ್ಟು ಸಾರ್ವಜನಿಕವಾಗಿ ನಡೆಯುವುದಕ್ಕೂ ಕಾರಣವಿದೆ. ಹಿಂದೆ ಯುರೋಪಿನಲ್ಲಿ ಗುಟ್ಟಾಗಿ ಮಾತು ಕೊಟ್ಟು ಮದುವೆಯಾಗಿ, ಆಮೇಲೆ ‘ಆಗಲೇ ಇಲ್ಲ’ ಅನ್ನುವ ಗಂಡಸರು ಜಾಸ್ತಿ ಇದ್ದರು. 1563ರಲ್ಲಿ ಟ್ರೆಂಟ್ ಮಹಾಸಭೆ ಗುರು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು ಇರಲೇಬೇಕು ಅಂತ ಕಡ್ಡಾಯ ಮಾಡಿತು. ಮದುವೆಗೆ ಮೊದಲು ಮೂರು ಭಾನುವಾರ ಹೆಸರು ಓದಿ ‘ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ತಿಳಿಸಿ’ ಅನ್ನುವ ಪ್ರಕಟಣೆಯೂ ಇದೇ ಎಚ್ಚರಿಕೆಯದು. ಹೀಗೆ ಕಟ್ಟಿದ ಮದುವೆಯನ್ನು ಕಥೋಲಿಕ ಚರ್ಚು ಬಿಡಿಸುವುದಿಲ್ಲ. ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕರೂ ಚರ್ಚಿನಲ್ಲಿ ಮರುಮದುವೆ ಆಗುವುದಿಲ್ಲ. ಆ ಮದುವೆ ಶುರುವಿನಿಂದಲೇ ಸಿಂಧುವಾಗಿರಲಿಲ್ಲ ಅಂತ ಚರ್ಚಿನ ನ್ಯಾಯಪೀಠ ತೀರ್ಮಾನಿಸಿದರೆ ಮಾತ್ರ ದಾರಿ. ಇದು ಕಠಿಣ ಅಂತ ಎಷ್ಟೋ ಕಥೋಲಿಕರಿಗೇ ಅನ್ನಿಸುತ್ತದೆ.

ನಿಮ್ಮ ಹುಬ್ಬಳ್ಳಿಯ ಗೆಳತಿಯ ಕಥೆ ಬೇರೆ ದಾರಿಯಿಂದ ಬಂದದ್ದು. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಪ್ರೊಟೆಸ್ಟಂಟ್ ಪಂಗಡಗಳು ಹುಟ್ಟಿದವು. ಆ ಕಡೆಯ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡ್‌ನಿಂದ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಧಾರವಾಡ, ಹುಬ್ಬಳ್ಳಿಗೆ ಹೋಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವೆಲ್ಲ ಈ ಮಿಶನ್ನಿನ ಮನೆಯಿಂದಲೇ ಬಂದವು ಅಂತ ನೀವು ಶಾಲೆಯಲ್ಲಿ ಓದಿರುತ್ತೀರಿ. ಈ ಮಿಶನ್ನಿನ ಚರ್ಚುಗಳು ಮುಂದೆ ಸಿಎಸ್‌ಐ ಸೇರಿದವು. ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಬೇರೆ ಬೇರೆ ಪಂಗಡಗಳು ಒಂದಾಗಿ 1947ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಚರ್ಚು ಅದು. ಅವಳ ಹಿರಿಯರು ಗೋವಾದಿಂದ ಬಂದ ಕೊಂಕಣಿಗರಲ್ಲ, ರೋಸ್ ಎಲ್ಲಿಂದ ಬರಬೇಕು? ಅವರ ಊರಿನ ಪದ್ಧತಿ ತಾಳಿ, ಅದನ್ನು ಪ್ರಾರ್ಥನೆ ಮಾಡಿ ಕಟ್ಟುತ್ತಾರೆ.

ಊರಿನ ಪದ್ಧತಿ ಬಿಟ್ಟರೆ ನಂಬಿಕೆಯಲ್ಲೂ ಕೆಲವು ವ್ಯತ್ಯಾಸಗಳಿವೆ. ಒಬ್ಬ ದೇವರಲ್ಲಿ ಮೂವರು ಅನ್ನುವ ತ್ರಿತ್ವ, ಶಿಲುಬೆ, ಸತ್ತು ಎದ್ದ ಪುನರುತ್ಥಾನ ಇಬ್ಬರಿಗೂ ಒಂದೇ. ಪೋಪರ ಅಧಿಕಾರವನ್ನು ಕಥೋಲಿಕರು ಒಪ್ಪುತ್ತಾರೆ, ಸಿಎಸ್‌ಐಯವರು ಒಪ್ಪುವುದಿಲ್ಲ. ಕಥೋಲಿಕರು ಮರಿಯಳಿಗೂ ಸಂತರಿಗೂ ‘ನಮಗಾಗಿ ಪ್ರಾರ್ಥಿಸಿ’ ಅಂತ ಕೇಳುತ್ತಾರೆ, ಪ್ರೊಟೆಸ್ಟಂಟರು ಕೇಳುವುದಿಲ್ಲ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಹೋಗುತ್ತಾರಲ್ಲ, ಅಂಥದ್ದು ಸಿಎಸ್‌ಐ ಸಂಪ್ರದಾಯದಲ್ಲಿ ಇಲ್ಲ. ಅವರ ಚರ್ಚಿನೊಳಗೆ ಪ್ರತಿಮೆಗಳ ಬದಲು ಖಾಲಿ ಶಿಲುಬೆ ಇರುತ್ತದೆ, ಪ್ರವಚನ ಉದ್ದವಿರುತ್ತದೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಅವರದರಲ್ಲಿ 66. ಸಿಎಸ್‌ಐ ಸಭಾಪಾಲಕರು, ಅಂದರೆ ಅವರ ಪಾದ್ರಿಗಳು, ಮದುವೆಯಾಗಬಹುದು, ಮಹಿಳೆಯರೂ ಸಭಾಪಾಲಕರಾಗಬಹುದು. 2013ರಲ್ಲಿ ನಂದ್ಯಾಲದಲ್ಲಿ ಮಹಿಳೆಯೊಬ್ಬರು ಬಿಷಪ್ ಕೂಡ ಆದರು. ಕಥೋಲಿಕರಲ್ಲಿ ಇವೆರಡೂ ಇಲ್ಲ.

ಸಂಸ್ಕಾರಗಳ ಲೆಕ್ಕವೂ ಬೇರೆ. ಕಥೋಲಿಕರಿಗೆ ಏಳು, ಪ್ರೊಟೆಸ್ಟಂಟರಿಗೆ ಮುಖ್ಯವಾಗಿ ಎರಡು, ಅಂದರೆ ದೀಕ್ಷಾಸ್ನಾನ ಮತ್ತು ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ. ದೀಕ್ಷಾಸ್ನಾನವನ್ನು ನಾವು ಹೊರಗಿನವರು ನಾಮಕರಣ ಅಂದುಕೊಳ್ಳುವುದು ಜಾಸ್ತಿ. ಹೆಸರು ಅಲ್ಲಿ ಹೇಳುತ್ತಾರೆ ನಿಜ, ಆದರೆ ಅದಕ್ಕಾಗಿ ಮಾಡುವುದಲ್ಲ. ಮಗುವಿನ ತಲೆಗೆ ಮೂರು ಸಲ ನೀರು ಹೊಯ್ದು ‘ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ’ ಅನ್ನುತ್ತಾರೆ. ನೀರಿನಲ್ಲಿ ಕ್ರಿಸ್ತನ ಜೊತೆ ಸತ್ತು, ಅವನ ಜೊತೆ ಎದ್ದು ಬಂದ ಹಾಗೆ ಅದರ ಅರ್ಥ. ಆಮೇಲೆ ಪರಿಮಳ ತೈಲ, ಬಿಳಿ ಬಟ್ಟೆ, ಈಸ್ಟರ್ ದೀಪದಿಂದ ಹಚ್ಚಿದ ಮೇಣದಬತ್ತಿ. ಮಗುವಿನ ಪರವಾಗಿ ಜ್ಞಾನತಂದೆ ಜ್ಞಾನತಾಯಿ ನಿಲ್ಲುತ್ತಾರೆ. ಮಗು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ನೀರು ಹೊಯ್ದು ಆ ಮಾತು ಹೇಳಬಹುದು. ಹೇಳುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ಚರ್ಚಿನ ಉದ್ದೇಶದಿಂದ ಮಾಡಿದರೆ ಅದು ಸಿಂಧು. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟಲ್ ಎಂಬ ಪ್ರೊಟೆಸ್ಟಂಟ್ ಪಂಗಡಗಳು ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ತಿಳಿವಳಿಕೆ ಬಂದವರನ್ನು ಪೂರ್ತಿ ನೀರಿನಲ್ಲಿ ಮುಳುಗಿಸುತ್ತವೆ.

ಕಥೋಲಿಕ ಮಕ್ಕಳು ಏಳೆಂಟು ವರ್ಷ ದಾಟುವಾಗ ಮೊದಲ ಪಾಪನಿವೇದನೆ, ಮೊದಲ ಪರಮ ಪ್ರಸಾದ. ಹುಡುಗಿಯರ ಬಿಳಿ ಫ್ರಾಕಿನ ಫೋಟೊ ಗೋಡೆ ಮೇಲೆ ನೋಡಿರುತ್ತೀರಿ, ಅದು ಮದುವೆಯದಲ್ಲ, ಇದರದು. ಸ್ವಲ್ಪ ದೊಡ್ಡವರಾದ ಮೇಲೆ ಬಿಷಪರಿಂದ ದೃಢೀಕರಣ, ಅಂದರೆ ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ. ಉಳಿದ ಸಂಸ್ಕಾರಗಳು ಮದುವೆ, ಗುರುದೀಕ್ಷೆ ಮತ್ತು ರೋಗಿಗಳಿಗೆ ತೈಲ ಹಚ್ಚುವುದು.

ಸಾವಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕ್ರೈಸ್ತರಿಗೆ ಮರುಜನ್ಮ ಇಲ್ಲ. ಅಷ್ಟೇ ಅಲ್ಲ, ಆತ್ಮ ಮಾತ್ರ ಉಳಿದು ದೇಹ ಬಿದ್ದುಹೋಗುತ್ತದೆ ಅನ್ನುವುದೂ ಅವರ ನಂಬಿಕೆಯಲ್ಲ. ಕೊನೆಯ ದಿನ ದೇಹವೂ ಎದ್ದು ಬರುತ್ತದೆ ಅನ್ನುತ್ತಾರೆ. ಹಾಗಾಗಿ ಹೆಣಕ್ಕೂ ಧೂಪ ಹಾಕುತ್ತಾರೆ, ತೀರ್ಥ ಚಿಮುಕಿಸುತ್ತಾರೆ. ಹೂಳುವ ಪದ್ಧತಿ ಇದರಿಂದಲೇ ಗಟ್ಟಿಯಾದದ್ದು. 1963ರಿಂದ ಕಥೋಲಿಕರಿಗೆ ಸುಡಲೂ ಅನುಮತಿ ಇದೆ. ಆದರೆ ಬೂದಿಯನ್ನು ನೀರಿಗೆ ಬಿಡಬಾರದು, ಚೆಲ್ಲಬಾರದು ಅಂತ 2016ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟಪಡಿಸಿತು. ಸತ್ತವರಿಗಾಗಿ ಏಳನೆಯ ದಿನ, ತಿಂಗಳಿಗೆ, ವರ್ಷಕ್ಕೆ ಪೂಜೆ ಮಾಡಿಸುತ್ತಾರೆ. ನವೆಂಬರ್ 2ರಂದು ಎಲ್ಲರ ಸಮಾಧಿಗೂ ಆಶೀರ್ವಾದ. ಸ್ವರ್ಗ ಸೇರುವ ಮುನ್ನ ಆತ್ಮ ಶುದ್ಧಿಯಾಗುವ ಹಂತವೊಂದಿದೆ, ಬದುಕಿರುವವರ ಪ್ರಾರ್ಥನೆ ಅದಕ್ಕೆ ನೆರವಾಗುತ್ತದೆ ಅನ್ನುವುದು ಕಥೋಲಿಕರ ನಂಬಿಕೆ. ಪ್ರೊಟೆಸ್ಟಂಟರು ಇದನ್ನು ಒಪ್ಪುವುದಿಲ್ಲ. ಅವರ ಸ್ಮರಣೆ ಕೂಟದಲ್ಲಿ ಪ್ರಾರ್ಥನೆ ಉಳಿದವರ ಸಮಾಧಾನಕ್ಕೆ.

ಮತ್ತೆ ನಿಮ್ಮ ಮದುವೆಮನೆಗೆ. ರೇಷ್ಮೆ ಸೀರೆ ಉಟ್ಟು ಹೋಗಿ, ಕುಂಕುಮ ಹೂವು ಏನೂ ತೊಂದರೆ ಇಲ್ಲ. ಕೊರಳಲ್ಲಿ ಲಿಂಗವಿದ್ದರೆ ಇರಲಿ. ಚಪ್ಪಲಿ ಹೆಚ್ಚಿನ ಚರ್ಚುಗಳಲ್ಲಿ ಬಿಡಬೇಕಿಲ್ಲ, ಬಾಗಿಲಲ್ಲಿ ಬೇರೆಯವರನ್ನು ನೋಡಿ ಹಾಗೆ ಮಾಡಿ. ಮುಂದಿನ ಸಾಲುಗಳು ಮನೆಯವರಿಗೆ. ನಡುವಿನ ಬೆಂಚಿನಲ್ಲಿ ಕೂತರೆ ಮುಂದಿನವರು ಎದ್ದಾಗ ಏಳಬಹುದು. ಪೂಜೆ ಸರಿಯಾದ ಸಮಯಕ್ಕೆ ಆರಂಭವಾಗುತ್ತದೆ, ನಮ್ಮ ಮುಹೂರ್ತದ ಲೆಕ್ಕದಲ್ಲಿ ನಿಧಾನಕ್ಕೆ ಹೋಗಬೇಡಿ.

ಆಮೇಲೆ ಸಭಾಂಗಣದಲ್ಲಿ ಕೇಕು, ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಭಾಷಣ, ಬ್ಯಾಂಡು, ಕುಣಿತ. ಕೊನೆಗೆ ಗಂಡಿನ ಮನೆಯವರು ಕೊಟ್ಟ ಕೆಂಪು ಸೀರೆ ‘ಸಾಡೊ’ ಉಟ್ಟು ಹುಡುಗಿ ಬರುತ್ತಾಳೆ, ಹಿರಿಯರು ಅವಳನ್ನು ಆ ಮನೆಗೆ ಒಪ್ಪಿಸಿಕೊಡುತ್ತಾರೆ. ಬೇಗ ಹೊರಟುಬಿಟ್ಟರೆ ಇದು ತಪ್ಪಿಹೋಗುತ್ತದೆ. ಊಟದಲ್ಲಿ ಸನ್ನ ಎಂಬ ಇಡ್ಲಿಯಂಥ ತಿಂಡಿಯ ಜೊತೆ ಹಂದಿಮಾಂಸದ ಸಾರು ಬಫಾತ್ ಇದ್ದೇ ಇರುತ್ತದೆ. ಸಸ್ಯಾಹಾರದ ಮೇಜು ಬೇರೆ ಇಡುವುದು ರೂಢಿ, ಆದರೂ ನಿಮ್ಮ ಗೆಳತಿಗೆ ಈಗಲೇ ಒಂದು ಮಾತು ಹೇಳಿಡಿ. ಸನ್ನಕ್ಕೆ ಹುಳಿ ಬರಲು ಕೆಲವರು ಕಳ್ಳು ಹಾಕುತ್ತಾರೆ, ಅದೂ ಬೇಡ ಅನ್ನುವವರಾದರೆ ಬಡಿಸುವವರನ್ನು ಕೇಳಿಯೇ ಹಾಕಿಸಿಕೊಳ್ಳಿ.